ವರಸೆ ಮತ್ತು ಅದರ ಬಳಕೆ: ಕ್ರೀಡಾಕೂಟದ ಸ್ವಯಂಸೇವೆ, ಚೀನೀ ಸಮರಕಲೆಯ ಬೋಧನೆ



ಮೈದಾನದಲ್ಲೇ ಆಯುಷ್ಯ ಕಳೆದ ಒಬ್ಬ ಮೇಷ್ಟರ ನೆನಪಿಗಾಗಿ ಇಟ್ಟ ದತ್ತಿಯ ಉಪನ್ಯಾಸ ಇದು. ಹಾಗಾಗಿ ಪದಕ ಗೆದ್ದವರ ಕಥೆಯನ್ನು ಬಿಟ್ಟು, ಮೈದಾನದ ಅಂಚಿನಲ್ಲಿ ನಿಲ್ಲುವ ಎರಡು ಬಗೆಯ ಜನರ ಬಗ್ಗೆ ಮಾತಾಡಬೇಕೆಂದಿದ್ದೇನೆ. ಒಂದು ಬಗೆಯವರು ದೊಡ್ಡ ಕ್ರೀಡಾಕೂಟಗಳಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಇನ್ನೊಂದು ಬಗೆಯವರು ವುಶು ಎಂಬ ಚೀನೀ ಸಮರಕಲೆಯನ್ನು ಶಾಲೆ, ಕಾಲೇಜುಗಳಲ್ಲಿ ಕಲಿಸುವ ಶಿಕ್ಷಕರು. ಗ್ರಂಥಾಲಯಕ್ಕೆ ಹೋದರೆ ಇವರ ಮೇಲಿನ ಸಂಶೋಧನೆ ಬೇರೆ ಬೇರೆ ಕಪಾಟುಗಳಲ್ಲಿ ಸಿಗುತ್ತದೆ. ಮೊದಲನೆಯದು ಕ್ರೀಡಾ ನಿರ್ವಹಣೆಯ ಕಪಾಟಿನಲ್ಲಿ, ಎರಡನೆಯದು ಬೋಧನಶಾಸ್ತ್ರದ ಕಪಾಟಿನಲ್ಲಿ. ಆದರೆ ಚೀನಾದ ಕ್ರೀಡಾ ವಿಶ್ವವಿದ್ಯಾಲಯಗಳಲ್ಲಿ ಈ ಎರಡೂ ಒಂದೇ ಅಂಗಳದಲ್ಲಿ ನಡೆಯುತ್ತವೆ. ಬೆಳಿಗ್ಗೆ ವುಶು ಅಭ್ಯಾಸ ಮಾಡುವ ವಿದ್ಯಾರ್ಥಿನಿಯೇ ಊರಿಗೆ ಕೂಟ ಬಂದಾಗ ಸ್ವಯಂಸೇವಕಿಯ ಅಂಗಿ ತೊಡುತ್ತಾಳೆ. ಪದವಿ ಮುಗಿದ ಮೇಲೆ ಅವಳೇ ಶಿಕ್ಷಕಿ. ಎರಡು ಕಪಾಟಿನ ಓದನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಕಂಡದ್ದು ಒಂದೇ ಕೊರತೆ. ಎರಡೂ ಕಡೆ ವರಸೆಯನ್ನು ಕಲಿಸುತ್ತಾರೆ, ಅದರ ಬಳಕೆಯನ್ನು ಹೇಳಿಕೊಡುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಎರಡೂ ಒಂದೇ ಸೂರಿನಡಿ ಸೇರಿದ ಒಂದು ಸಂದರ್ಭದಿಂದ ಶುರುಮಾಡುತ್ತೇನೆ. 2008ರ ಆಗಸ್ಟ್ 21ರಿಂದ 24ರವರೆಗೆ, ಬೀಜಿಂಗ್ ಒಲಿಂಪಿಕ್ಸಿನ ಕೊನೆಯ ನಾಲ್ಕು ದಿನ, ಅಲ್ಲಿನ ಒಲಿಂಪಿಕ್ ಸ್ಪೋರ್ಟ್ಸ್ ಸೆಂಟರಿನ ಒಳಾಂಗಣದಲ್ಲಿ ವುಶು ಪಂದ್ಯಾವಳಿ ನಡೆಯಿತು. 43 ದೇಶ, ಪ್ರದೇಶಗಳಿಂದ 128 ಸ್ಪರ್ಧಿಗಳು ಬಂದಿದ್ದರು. ವರಸೆಗಳನ್ನು ಪ್ರದರ್ಶಿಸುವ ‘ತಾವ್‌ಲು’ ವಿಭಾಗದಲ್ಲಿ ಹತ್ತು ಸ್ಪರ್ಧೆ, ಎದುರಾಳಿಯೊಡನೆ ಕಾದಾಡುವ ‘ಸಾಂಡಾ’ ವಿಭಾಗದಲ್ಲಿ ಐದು. ಒಲಿಂಪಿಕ್ಸಿನ ಕಾಲದಲ್ಲೇ, ಒಲಿಂಪಿಕ್ಸಿನ ಊರಲ್ಲೇ ನಡೆದರೂ ಅದು ಒಲಿಂಪಿಕ್ ಕ್ರೀಡೆಯಾಗಿರಲಿಲ್ಲ. ಗೆದ್ದ ಪದಕಗಳು ಒಲಿಂಪಿಕ್ಸಿನ ಪಟ್ಟಿಗೆ ಸೇರಲಿಲ್ಲ. ತನ್ನ ಮನೆಯಂಗಳದ ಕಲೆಯನ್ನು ಜಗತ್ತಿನ ಮುಂದಿಡಲು ಚೀನಾ ಕಾದಿದ್ದು ಎಷ್ಟೋ ವರ್ಷ. ಸಿಕ್ಕಿದ್ದು ಪಕ್ಕದ ಅಂಗಳ.

ಅದೇ ಊರಿನಲ್ಲಿ ಅದೇ ತಿಂಗಳು ಸ್ವಯಂಸೇವೆಯ ಇತಿಹಾಸದಲ್ಲೂ ಹಿಂದೆಂದೂ ಕಾಣದ ಪ್ರಮಾಣವೊಂದು ಕಂಡಿತು. ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಕೂಟಗಳಿಗೆ ಸ್ವಯಂಸೇವಕರಾಗಲು 11 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಆಯ್ಕೆಯಾದವರು ಸುಮಾರು 1 ಲಕ್ಷ. ಕ್ರೀಡಾಂಗಣಗಳ ಹೊರಗೆ ರಸ್ತೆ, ನಿಲ್ದಾಣಗಳಲ್ಲಿ ದಾರಿ ತೋರಿಸಲು ನಿಂತ ನಗರ ಸ್ವಯಂಸೇವಕರು ಇನ್ನೂ 4 ಲಕ್ಷ. ಕ್ರೀಡಾಂಗಣಗಳ ಒಳಗಿದ್ದವರಲ್ಲಿ ಬಹುಪಾಲು ಬೀಜಿಂಗಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೇ. ಒಂದೊಂದು ಕ್ರೀಡಾಂಗಣಕ್ಕೆ ಒಂದೊಂದು ವಿಶ್ವವಿದ್ಯಾಲಯವನ್ನು ಜೋಡಿಸಿದ್ದರು. ಇಂಥ ಕಾಲೇಜಿನವರು ಈಜುಕೊಳಕ್ಕೆ, ಇಂಥವರು ಜಿಮ್ನಾಸ್ಟಿಕ್ಸಿಗೆ, ಹೀಗೆ. ತರಬೇತಿಯೂ ಹಂತ ಹಂತವಾಗಿತ್ತು: ಎಲ್ಲರಿಗೂ ಸಾಮಾನ್ಯ ತಿಳಿವಳಿಕೆ, ಆಮೇಲೆ ಕೆಲಸಕ್ಕೆ ಬೇಕಾದ ಪರಿಣತಿ, ಆಮೇಲೆ ಆ ಕ್ರೀಡಾಂಗಣದ ಪರಿಚಯ, ಕೊನೆಗೆ ತಾನು ನಿಲ್ಲಬೇಕಾದ ಜಾಗದ ಕೆಲಸ. ಚೀನಾದಲ್ಲಿ ಇದಕ್ಕೆ ಹಿನ್ನೆಲೆಯೂ ಇತ್ತು. 1963ರಲ್ಲಿ ಲೇ ಫಂಗ್ ಎಂಬ ಯೋಧನ ಮಾದರಿಯನ್ನು ಅನುಸರಿಸಿ ಎಂದು ಮಾವೊ ಕರೆಕೊಟ್ಟಾಗಿನಿಂದ ಪರಸೇವೆ ಶಾಲೆಯ ಪಾಠವಾಗಿತ್ತು. ಯುವ ಸ್ವಯಂಸೇವಕರ ರಾಷ್ಟ್ರೀಯ ಸಂಘಟನೆ 1994ರಲ್ಲಿ ಹುಟ್ಟಿತು. ಆದ್ದರಿಂದ ಬೀಜಿಂಗಿನ ಯುವಕ ತಾನಾಗಿ ಬಂದನೋ, ಕಾಲೇಜು ಕರೆದದ್ದಕ್ಕೆ ಬಂದನೋ ಎಂಬ ಪ್ರಶ್ನೆಗೆ ಅಂಥ ಸ್ಪಷ್ಟ ಉತ್ತರವಿಲ್ಲ. ಎರಡೂ ಒಟ್ಟಿಗೇ ನಿಜವಾಗಿರಬಹುದು. ನಮ್ಮ ಎನ್‌ಎಸ್‌ಎಸ್ ಶಿಬಿರಗಳನ್ನು ನಡೆಸಿದ ಅಧ್ಯಾಪಕರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಒಲಿಂಪಿಕ್ಸಿನಲ್ಲಿ ಸ್ವಯಂಸೇವೆ ಆರಂಭದ ಕೂಟಗಳಿಂದಲೇ ಇದೆ. ಅದನ್ನು ಒಂದು ದೊಡ್ಡ ಏರ್ಪಾಡಾಗಿ ನಡೆಸಿ ತೋರಿಸಿದ್ದು 1984ರ ಲಾಸ್ ಏಂಜಲೀಸ್; ಅಲ್ಲಿ 28 ಸಾವಿರಕ್ಕೂ ಹೆಚ್ಚು ಜನ ಹಾಗೆ ದುಡಿದರು. 2000ದ ಸಿಡ್ನಿಯ ಹೊತ್ತಿಗೆ ಆ ಸಂಖ್ಯೆ 47 ಸಾವಿರದ ಹತ್ತಿರ ಬಂತು. 2012ರ ಲಂಡನ್ನಿನಲ್ಲಿ 2.4 ಲಕ್ಷ ಅರ್ಜಿದಾರರಿಂದ 70 ಸಾವಿರ ಮಂದಿಯನ್ನು ಆರಿಸಿದರು. 2024ರ ಪ್ಯಾರಿಸ್ಸಿನಲ್ಲಿ 45 ಸಾವಿರ. ಇಷ್ಟು ಜನರಿಗೆ ಸಂಬಳ ಕೊಡಬೇಕಾಗಿ ಬಂದಿದ್ದರೆ ಒಂದು ಕೂಟವೂ ನಡೆಯುತ್ತಿರಲಿಲ್ಲ. ಹಾಗಾಗಿ ಸಂಶೋಧಕರಿಗೆ ಮೊದಲು ಹೊಳೆದ ಪ್ರಶ್ನೆ: ಇವರು ಯಾಕೆ ಬರುತ್ತಾರೆ?

ಆ ಪ್ರಶ್ನೆಯ ಸುತ್ತ ಬೆಳೆದ ಸಾಹಿತ್ಯ ದೊಡ್ಡದು. 1998ರಲ್ಲಿ ಗಿಲ್ ಕ್ಲಾರಿ, ಮಾರ್ಕ್ ಸ್ನೈಡರ್ ಮತ್ತು ಅವರ ಸಂಗಡಿಗರು ಸ್ವಯಂಸೇವೆ ಒಬ್ಬ ಮನುಷ್ಯನಿಗೆ ಯಾವ ಯಾವ ಬಗೆಯಲ್ಲಿ ಒದಗುತ್ತದೆ ಎಂದು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ನಂಬಿದ ಮೌಲ್ಯ, ಕಲಿಯುವ ಆಸೆ, ಆತ್ಮವಿಶ್ವಾಸ, ಉದ್ಯೋಗಕ್ಕೆ ನೆರವು, ಗೆಳೆತನ, ಒಳಗಿನ ದುಗುಡದಿಂದ ಬಿಡುಗಡೆ ಎಂಬ ಆರು ಕಾರಣಗಳು ಅದರಲ್ಲಿದ್ದವು. ಅದೇ ವರ್ಷ ಫ್ಯಾರೆಲ್, ಜಾನ್‌ಸ್ಟನ್, ಟ್ವೈನಮ್ ಎಂಬ ಮೂವರು ಕೆನಡಾದ ಮಹಿಳಾ ಕರ್ಲಿಂಗ್ ಚಾಂಪಿಯನ್‌ಷಿಪ್ಪಿನ ಸ್ವಯಂಸೇವಕರನ್ನು ಅಧ್ಯಯನ ಮಾಡಿ, ಕ್ರೀಡಾಕೂಟಕ್ಕೆಂದೇ ಒಂದು ಅಳತೆಗೋಲನ್ನು ಮಾಡಿದರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿ, ಕೆನಡಾ, ಅಮೆರಿಕಗಳಲ್ಲಿ ಕ್ರೀಡಾ ನಿರ್ವಹಣಾ ಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಪ್ಯಾಕಿಯನಾಥನ್ ಚೆಲ್ಲದುರೈ ಅವರು ಹ್ಯೇಜಿನ್ ಬ್ಯಾಂಗ್ ಜೊತೆಗೂಡಿ, 2002ರ ಫುಟ್‌ಬಾಲ್ ವಿಶ್ವಕಪ್ಪಿನ ಸ್ವಯಂಸೇವಕರನ್ನು ಕೇಳಿ ಇನ್ನೊಂದು ಅಳತೆಗೋಲು ಕೊಟ್ಟರು. ಅದರಲ್ಲಿ ದೇಶಾಭಿಮಾನಕ್ಕೆ ಒಂದು ಪ್ರತ್ಯೇಕ ಜಾಗ ಸಿಕ್ಕಿತು. ಕರ್ಲಿಂಗ್ ಕೂಟದಲ್ಲಿ ಅದರ ಅಗತ್ಯ ಕಾಣದಿದ್ದರೆ ಆಶ್ಚರ್ಯವಿಲ್ಲ. ವಿಶ್ವಕಪ್ಪಿನಲ್ಲಿ, ಒಲಿಂಪಿಕ್ಸಿನಲ್ಲಿ ಅದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ನೆರಳಿನಲ್ಲಿ ಬಂದ ನೂರಾರು ಪ್ರಬಂಧಗಳ ಬಗ್ಗೆ ಅಷ್ಟು ಗೌರವ ಉಳಿದಿಲ್ಲ. ಒಂದೇ ಪ್ರಶ್ನಾವಳಿಯನ್ನು ಊರು ಬದಲಿಸಿ, ಆಟ ಬದಲಿಸಿ ಹಂಚುತ್ತಾರೆ. ಐದು ಅಂಕಗಳ ಮಾಪನದಲ್ಲಿ ಯಾವ ಕಾರಣಕ್ಕೆ ಎಷ್ಟು ಸರಾಸರಿ ಬಂತು ಎಂದು ಕೋಷ್ಟಕ ಬರೆದು ಮುಗಿಸುತ್ತಾರೆ. ಕೂಟಕ್ಕೆ ಬಂದವನನ್ನು ಬಾಗಿಲಲ್ಲೇ ಹಿಡಿದು ‘ಯಾಕೆ ಬಂದೆ’ ಎಂದು ಕೇಳುವುದಷ್ಟೇ ಆಯಿತು. ಒಳಗೆ ಹೋದ ಮೇಲೆ ಅವನಿಗೆ ಏನಾಯಿತು ಎಂದು ಕೇಳಿದವರು ಕಡಿಮೆ. ಕರ್ಲಿಂಗ್ ಅಧ್ಯಯನದಲ್ಲೇ ಇದಕ್ಕೆ ಸುಳಿವಿತ್ತು. ಬಂದ ಉದ್ದೇಶ ಈಡೇರಿತೋ ಇಲ್ಲವೋ ಎಂಬುದೊಂದೇ ಸ್ವಯಂಸೇವಕರ ತೃಪ್ತಿಯನ್ನು ತೀರ್ಮಾನಿಸುವುದಿಲ್ಲ, ಕೂಟವನ್ನು ಹೇಗೆ ನಡೆಸಿದರು, ಅವರಿಗೆ ಯಾವ ಅನುಕೂಲ ಮಾಡಿಕೊಟ್ಟರು ಎಂಬುದೂ ಅಷ್ಟೇ ಮುಖ್ಯ ಎಂದು ಅವರು ಬರೆದಿದ್ದರು. ಮುಂದೆ ಬಂದವರಲ್ಲಿ ಬಹಳ ಮಂದಿ ಅಳತೆಗೋಲನ್ನು ಎತ್ತಿಕೊಂಡರು, ಈ ಮಾತನ್ನು ಅಲ್ಲೇ ಬಿಟ್ಟರು.

ಬಿಡದೆ ಹಿಡಿದವರೂ ಇದ್ದಾರೆ. 2006ರಲ್ಲಿ ಕಾರ್ಲಾ ಕೋಸ್ಟಾ, ಲಾರೆನ್ಸ್ ಚಾಲಿಪ್, ಕ್ರಿಸ್ಟೀನ್ ಗ್ರೀನ್ ಮತ್ತು ಸಂಗಡಿಗರು ಸ್ವಯಂಸೇವಕರ ತರಬೇತಿಯನ್ನೇ ನೇರವಾಗಿ ಪರೀಕ್ಷೆಗೆ ಒಡ್ಡಿದರು. ಅವರಿಗೆ ಕಂಡದ್ದು ಇದು: ತರಬೇತಿಯ ಹೊತ್ತಿನಲ್ಲಿ ತಮ್ಮ ಅಭಿಪ್ರಾಯ, ಅನುಭವ ಹೇಳಿಕೊಳ್ಳಲು ಅವಕಾಶ ಸಿಕ್ಕವರಲ್ಲಿ ‘ನಾವು ಒಂದು ಬಳಗ’ ಎಂಬ ಭಾವ ಬೆಳೆಯುತ್ತದೆ, ಕೆಲಸದ ತೃಪ್ತಿಗೆ ಮುಖ್ಯ ದಾರಿ ಆ ಭಾವ. ಮಾಹಿತಿ ತುಂಬಿಸಿ ಕಳಿಸುವುದು ತರಬೇತಿಯ ಸಣ್ಣ ಭಾಗ ಮಾತ್ರ. ಈ ಪ್ರಬಂಧವನ್ನು ನಾನು ಓದಿದ್ದು ವುಶು ಬೋಧನೆಯ ಮೇಲೆ ಟಿಪ್ಪಣಿ ಮಾಡುತ್ತಿದ್ದ ದಿನಗಳಲ್ಲೇ. ಎರಡೂ ಕಪಾಟುಗಳ ನಡುವೆ ಒಂದು ಬಾಗಿಲಿದೆ ಎಂದು ತೋರಿದ್ದು ಆಗ.

ಈಗ ಆ ಬಾಗಿಲ ಆಚೆಗೆ ಹೋಗೋಣ.

1915ರಲ್ಲಿ ಚೀನಾದ ಶಿಕ್ಷಣ ಸಂಘಗಳ ಒಕ್ಕೂಟ ಶಾಲೆಗಳಲ್ಲಿ ದೇಶದ ಹಳೆಯ ಸಮರವಿದ್ಯೆಯನ್ನು ಸೇರಿಸಬೇಕೆಂದು ನಿರ್ಣಯಿಸಿತು. ಅಲ್ಲಿಯವರೆಗೆ ಈ ವಿದ್ಯೆ ಒಬ್ಬ ಗುರು, ನಾಲ್ಕಾರು ಶಿಷ್ಯರು, ಒಂದು ಹಿತ್ತಲು ಎಂಬ ಅಳತೆಯಲ್ಲಿ ಬದುಕಿತ್ತು. ಏಕಾಏಕಿ ಐವತ್ತು ಮಕ್ಕಳ ತರಗತಿಗೆ ಕಲಿಸುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ಮಾ ಲ್ಯಾಂಗ್ ಎಂಬ ಸೇನಾಧಿಕಾರಿ. ಕುಸ್ತಿ, ಮುಷ್ಟಿ, ದೊಣ್ಣೆ, ಕತ್ತಿಗಳ ಚಲನೆಗಳನ್ನು ಬಿಡಿಬಿಡಿಯಾಗಿ ಒಡೆದು, ಸಿಪಾಯಿಗಳ ಕವಾಯತಿನಂತೆ ಎಣಿಕೆಗೆ ಕೂಡಿಸಿದ. ಒಂದು ಎಂದರೆ ಎಲ್ಲರೂ ಮುಷ್ಟಿ ಚಾಚಬೇಕು, ಎರಡು ಎಂದರೆ ಎಲ್ಲರೂ ಹೆಜ್ಜೆ ಮುಂದಿಡಬೇಕು. ಇದನ್ನು ಅವನು ‘ಹೊಸ ಚೀನೀ ವುಶು’ ಎಂದು ಕರೆದ. ತರಗತಿ ನಡೆಸಲು ಅನುಕೂಲವಾಯಿತು, ಸರ್ಕಾರಕ್ಕೂ ಹಿಡಿಸಿತು. 1918ರಲ್ಲಿ ಸಾಹಿತಿ ಲೂ ಶೂನ್ ‘ಹೊಸ ಯುವಜನ’ ಪತ್ರಿಕೆಯಲ್ಲಿ ಈ ಉತ್ಸಾಹವನ್ನು ಖಂಡಿಸಿ ಬರೆದರು. 1900ರ ಬಾಕ್ಸರ್ ದಂಗೆಯಲ್ಲಿ ಮಂತ್ರ ಹೇಳಿ ಗುಂಡಿಗೆ ಎದೆಯೊಡ್ಡಿದವರ ಮೂಢನಂಬಿಕೆ ಶಾಲೆಯ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆಂಬುದು ಅವರ ಆತಂಕ. ಶಾಂಘೈನ ಜಿಂಗ್‌ವೂ ಸಂಘದ ಪರವಾಗಿ ಚೆನ್ ತಿಯೆಶೆಂಗ್ ಎದುರುತ್ತರ ಬರೆದರು, ಲೂ ಶೂನ್ ಮತ್ತೆ ಪ್ರತಿಕ್ರಿಯಿಸಿದರು. ಲೂ ಶೂನರ ಭಯ ಅರ್ಥವಾಗುವಂಥದ್ದು. ಆದರೂ ಮಾ ಲ್ಯಾಂಗ್‌ನ ಪದ್ಧತಿಯ ನಿಜವಾದ ಕೇಡು ಬೇರೆ ಕಡೆಯಿತ್ತೆಂದು ನಾನು ನಂಬುತ್ತೇನೆ. ಎಣಿಕೆಯ ಕವಾಯತಿನಲ್ಲಿ ಎದುರಾಳಿಯೇ ಮಾಯವಾದ. ಕೈ ಚಾಚುತ್ತದೆ, ಯಾರ ಕಡೆಗೆಂದು ಗೊತ್ತಿಲ್ಲ.

ಜಿಂಗ್‌ವೂ ಸಂಘದ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು, ಯಾಕೆಂದರೆ ಬೋಧನೆಯೂ ಸ್ವಯಂಸೇವೆಯೂ ಅಲ್ಲಿ ಒಂದೇ ಆಗಿದ್ದವು. 1910ರಲ್ಲಿ ಶಾಂಘೈನಲ್ಲಿ ಹ್ವೋ ಯುವಾನ್‌ಜ್ಯಾ ಎಂಬ ಪ್ರಸಿದ್ಧ ಕಲಿಯನ್ನು ಮುಂದಿಟ್ಟುಕೊಂಡು ಆ ಸಂಘ ಆರಂಭವಾಯಿತು. ಅದೇ ವರ್ಷ ಹ್ವೋ ತೀರಿಕೊಂಡರು. ಸಂಘವನ್ನು ಉಳಿಸಿದ್ದು ಚೆನ್ ಗೊಂಗ್‌ಝೆ, ಲೂ ವೇಚಾಂಗ್, ಯಾವ್ ಚಾನ್‌ಬೋ ಎಂಬ ಮೂವರು ಗೆಳೆಯರು; ತಮ್ಮ ವ್ಯಾಪಾರದ ದುಡ್ಡನ್ನು ಅದಕ್ಕೇ ಸುರಿದರು. ಯಾವ ಪಂಥದ ಗುರುವೇ ಕಲಿಸಲಿ, ಎಲ್ಲರೂ ಮೊದಲು ಕಲಿಯಬೇಕಾದ ಹತ್ತು ಮೂಲ ವರಸೆಗಳನ್ನು ಗೊತ್ತುಮಾಡಿದರು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದರು. 1920ರಲ್ಲಿ ಐವರನ್ನು ಆಗ್ನೇಯ ಏಷ್ಯಕ್ಕೆ ಕಳಿಸಿದರು. ಮುಂದೆ ಕ್ವಾಲಾಲಂಪುರ, ಸಿಂಗಪುರಗಳಲ್ಲಿ ಹುಟ್ಟಿದ ಶಾಖೆಗಳು ಇವತ್ತಿಗೂ ಇವೆ. ಅಲ್ಲಿ ಕಲಿತವರು ಕೂಟ ನಡೆಸಿದರು, ಕೂಟ ನಡೆಸಿದವರು ಕಲಿಸಿದರು. ಸ್ವಯಂಸೇವಕರನ್ನು ಹೇಗೆ ಉಳಿಸಿಕೊಳ್ಳುವುದು ಎಂದು ಇಂದು ತಲೆ ಕೆಡಿಸಿಕೊಳ್ಳುವವರು ಈ ಸಂಘದ ಮೊದಲ ಹದಿನೈದು ವರ್ಷಗಳ ಚರಿತ್ರೆಯನ್ನು ಓದಲೇಬೇಕು.

1928ರಲ್ಲಿ ನಾನ್‌ಜಿಂಗ್‌ನಲ್ಲಿ ಝಾಂಗ್ ಝಿಜ್ಯಾಂಗ್ ಅವರ ನೇತೃತ್ವದಲ್ಲಿ ಕೇಂದ್ರೀಯ ಗುವೋಶು ಸಂಸ್ಥೆ ಸ್ಥಾಪನೆಯಾಯಿತು; ಗುವೋಶು ಎಂದರೆ ‘ದೇಶದ ವಿದ್ಯೆ’, ವುಶುವಿಗೆ ಆಗಿನ ಹೆಸರು. 1936ರ ಬರ್ಲಿನ್ ಒಲಿಂಪಿಕ್ಸಿಗೆ ಚೀನಾ ಕಳಿಸಿದ ತಂಡದೊಂದಿಗೆ ವುಶು ಪ್ರದರ್ಶನ ನೀಡುವ ಕಲಾವಿದರೂ ಹೋದರು. ಅದೇ ಬರ್ಲಿನ್ನಿಗೆ ನಮ್ಮ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡವೂ ಹೋಗಿ ದೇಶೀ ಆಟಗಳನ್ನು ತೋರಿಸಿತ್ತು. ಚೀನೀ ತಂಡದಲ್ಲಿದ್ದ ಝಾಂಗ್ ವೆನ್‌ಗ್ವಾಂಗ್ ಮುಂದೆ ಬೀಜಿಂಗ್‌ನಲ್ಲಿಯೂ, ಝೆಂಗ್ ಹ್ವಾಯ್‌ಶಿಯನ್ ಚೆಂಗ್‌ಡುವಿನಲ್ಲಿಯೂ ಕ್ರೀಡಾ ಸಂಸ್ಥೆಗಳ ಪ್ರಾಧ್ಯಾಪಕರಾಗಿ ತಲೆಮಾರುಗಳನ್ನು ತಯಾರು ಮಾಡಿದರು. ಝೆಂಗ್ ಮೂಳೆ ಕೂಡಿಸುವ ವೈದ್ಯದಲ್ಲೂ ಹೆಸರಾದವರು. ಹೊಡೆಯುವುದನ್ನು ಕಲಿಸುವವನಿಗೆ ಮುರಿದದ್ದನ್ನು ಕೂಡಿಸಲೂ ಬರಬೇಕೆಂಬುದು ಹಳೆಯ ಗುರುಗಳ ನಡತೆ.

ಇದೇ ಕಾಲದಲ್ಲಿ ತಾಂಗ್ ಹಾವ್ ಎಂಬ ವಿದ್ವಾಂಸರು ವುಶು ಸಂಶೋಧನೆಗೆ ಬೆನ್ನೆಲುಬು ಕೊಟ್ಟರು. ಕಾನೂನು ಓದಿದವರು, ಸಾಕ್ಷಿಯಿಲ್ಲದೆ ಏನನ್ನೂ ಒಪ್ಪುತ್ತಿರಲಿಲ್ಲ. ಶಾವೋಲಿನ್ ವಿದ್ಯೆ ಬೋಧಿಧರ್ಮನಿಂದ ಬಂತು, ತಾಯ್‌ಜಿ ಝಾಂಗ್ ಸಾನ್‌ಫೆಂಗ್ ಎಂಬ ಸಿದ್ಧನಿಂದ ಬಂತು ಎಂಬ ಕಥೆಗಳಿಗೆ ಆಧಾರವಿಲ್ಲವೆಂದು 1930ರಲ್ಲಿ ಪುಸ್ತಕವನ್ನೇ ಬರೆದರು. ಹೆನಾನ್ ಪ್ರಾಂತದ ಚೆನ್‌ಜ್ಯಾಗೋ ಹಳ್ಳಿಗೆ ಹೋಗಿ ವಂಶಾವಳಿಗಳನ್ನು ಪರಿಶೀಲಿಸಿ, ತಾಯ್‌ಜಿಯ ಮೂಲವನ್ನು ಅಲ್ಲಿನ ಚೆನ್ ಮನೆತನದಲ್ಲಿ ಗುರುತಿಸಿದರು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಕುಂಗ್‌ಫೂ ಕಲಿಸಿದ ಎಂದು ನಮ್ಮಲ್ಲೂ ವೇದಿಕೆಗಳಿಂದ ಹೇಳುವುದುಂಟು. ಕೇಳಲು ಹಿತವಾಗಿದೆ. ಆದರೆ ತಾಂಗ್ ಹಾವ್ ಅದನ್ನು ತೂಗಿ ನೋಡಿ ಪಕ್ಕಕ್ಕಿಟ್ಟು ಒಂಬತ್ತು ದಶಕಗಳೇ ಕಳೆದಿವೆ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅದು ಇನ್ನು ಬರಬಾರದು.

1949ರ ನಂತರ ವುಶು ಸರ್ಕಾರದ ಕ್ರೀಡಾ ಇಲಾಖೆಯ ಕೈಗೆ ಬಂತು. 1956ರಲ್ಲಿ ಸಾಮಾನ್ಯ ಜನರೂ ಕಲಿಯಬಲ್ಲ 24 ಭಂಗಿಗಳ ಸರಳ ತಾಯ್‌ಜಿ ರೂಪುಗೊಂಡಿತು. ಐದಾರು ನಿಮಿಷದ ಆ ವರಸೆ ಇಂದು ಜಗತ್ತಿನ ಪಾರ್ಕುಗಳಲ್ಲೆಲ್ಲ ಕಾಣುತ್ತದೆ. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ವುಶು ಪದಕದ ಕ್ರೀಡೆಯಾಯಿತು, ಅದೇ ವರ್ಷ ಅಂತರರಾಷ್ಟ್ರೀಯ ವುಶು ಫೆಡರೇಷನ್ ಹುಟ್ಟಿತು. ಆಮೇಲೆ ಬಂದ ನಿಯಮಗಳಲ್ಲಿ ತಾವ್‌ಲುವಿನ ಹತ್ತು ಅಂಕಗಳನ್ನು ಮೂರು ಪಾಲು ಮಾಡಿದರು: ಚಲನೆಯ ಶುದ್ಧತೆಗೆ ಐದು, ಒಟ್ಟು ಪ್ರದರ್ಶನಕ್ಕೆ ಮೂರು, ಕಠಿಣತೆಗೆ ಎರಡು. ಕಠಿಣತೆ ಎಂದರೆ ಗಾಳಿಯಲ್ಲಿ ಎರಡು ಸುತ್ತು ತಿರುಗಿ ನೆಲಕ್ಕಿಳಿದು ಅಲುಗಾಡದೆ ನಿಲ್ಲುವುದು. ನೋಡಲು ಉಸಿರು ಬಿಗಿಹಿಡಿಯುವಂತಿರುತ್ತದೆ. ಆದರೆ ಶಾಲೆಯ ಪಠ್ಯವೂ ಈ ಸ್ಪರ್ಧೆಯ ನಕಲಾದಾಗ ಮಕ್ಕಳಿಗೆ ಉಳಿದದ್ದು ಕಷ್ಟದ ಭಂಗಿಗಳ ಸರಣಿ ಮಾತ್ರ.

ಚೀನೀ ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ 30 ಪ್ರಾಂತಗಳ 252 ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಶಾಲೆಗಳಲ್ಲಿ ವುಶು ತರಗತಿಯೇ ಇಲ್ಲವೆಂದು ಗೊತ್ತಾಯಿತು. ಮೊದಲು ಇದ್ದ ಕೆಲವು ಕಡೆಗಳಲ್ಲಿ ಅದರ ಜಾಗಕ್ಕೆ ಕೊರಿಯಾದ ಟೇಕ್ವಾಂಡೋ ಬಂದಿತ್ತು. ಮಕ್ಕಳಿಗೆ ವುಶು ಇಷ್ಟ, ವುಶು ತರಗತಿ ಇಷ್ಟವಿಲ್ಲ ಎಂಬ ಮಾತು ಅಲ್ಲಿನ ಬೋಧನಾ ಸಂಶೋಧನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿನಿಮಾದಲ್ಲಿ ನೋಡಿ ಆಸೆಯಿಂದ ಬಂದ ಹುಡುಗ ತರಗತಿಯಲ್ಲಿ ಎಣಿಕೆಗೆ ಕೈ ಎತ್ತಿ ಇಳಿಸಿ ಬೇಸರಪಡುತ್ತಾನೆ. ಅವನಿಗೆ ಬರುವ ಉದ್ದೇಶ ಇತ್ತು, ಅಳತೆಗೋಲಿನಲ್ಲಿ ಅಂಕಗಳೂ ಚೆನ್ನಾಗಿ ಬರುತ್ತಿದ್ದವು. ಅವನನ್ನು ಕಳೆದುಕೊಂಡದ್ದು ತರಗತಿ. 2010ರಲ್ಲಿ ಸರ್ಕಾರ ಎಲ್ಲ ಶಾಲೆಗಳಿಗೆಂದು ಸಂಗೀತಕ್ಕೆ ಹೊಂದಿಸಿದ ವುಶು ವ್ಯಾಯಾಮವನ್ನು ಜಾರಿಗೆ ತಂದಿತು. ಶಾಲೆಯ ಅಂಗಳಕ್ಕೆ ವುಶು ಮರಳಿತು ಎಂಬುದು ನಿಜ. ಜೊತೆಗೆ ಮಾ ಲ್ಯಾಂಗ್‌ನ ಎಣಿಕೆಯೂ ಮರಳಿತು ಎಂಬುದೂ ನಿಜ.

ಹಾಗಾದರೆ ಬಳಕೆಯನ್ನು ಕಲಿಸುವುದು ಎಂದರೆ ಏನು? ಇಲ್ಲಿ ಸ್ವಲ್ಪ ನಿಧಾನಿಸಲು ಅಪ್ಪಣೆ ಬೇಡುತ್ತೇನೆ. ಚೀನಾದಲ್ಲಿ ಹೊಸಬರಿಗೆ ಕಲಿಸುವ ಮೊದಲ ವರಸೆ ‘ವೂಬು ಚ್ಯುವಾನ್’. ಐದು ನಿಲುವುಗಳನ್ನು ಪೋಣಿಸಿದ ಪುಟ್ಟ ಸರಣಿ. ಬಿಲ್ಲಿನಂತೆ ಮುಂಗಾಲು ಬಾಗಿಸಿದ ನಿಲುವು, ಕುದುರೆಯೇರಿದಂತೆ ತೊಡೆ ಅಗಲಿಸಿ ಕುಳಿತ ನಿಲುವು, ಒಂದು ಕಾಲು ಮಡಚಿ ಇನ್ನೊಂದನ್ನು ನೆಲಕ್ಕೆ ಚಾಚಿದ ನಿಲುವು, ಕಾಲು ಹೆಣೆದು ತಗ್ಗಿದ ನಿಲುವು, ಮುಂಗಾಲಿನ ಮೇಲೆ ಭಾರ ಹಾಕದ ನಿಲುವು. ಇದರ ಮಧ್ಯೆ ಒಂದು ಭಂಗಿ ಬರುತ್ತದೆ. ಕುದುರೆ ನಿಲುವಿನಲ್ಲಿ ಕುಳಿತು, ಒಂದು ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಇನ್ನೊಂದು ಮುಷ್ಟಿಯನ್ನು ಪಕ್ಕಕ್ಕೆ ಚಾಚಬೇಕು. ಎಣಿಕೆಯ ತರಗತಿಯಲ್ಲಿ ಮೇಷ್ಟರು ಹೇಳುವುದು ಇಷ್ಟು: ತೊಡೆ ಇನ್ನೂ ಕೆಳಗೆ, ಬೆನ್ನು ನೇರ, ಮೊಣಕೈ ಬಾಗಿರಲಿ. ಹುಡುಗಿ ಮಾಡುತ್ತಾಳೆ, ತೊಡೆ ನಡುಗುತ್ತದೆ, ಮೇಲೆತ್ತಿದ ಕೈ ಯಾಕಿದೆಯೋ ಅವಳಿಗೆ ತಿಳಿಯದು.

ಹಳೆಯ ಗುರುಗಳು ಇಲ್ಲಿ ಬೇರೆ ಕೆಲಸ ಮಾಡುತ್ತಿದ್ದರು. ವರಸೆಯನ್ನು ಬಿಚ್ಚಿ ತೋರಿಸುವುದಕ್ಕೆ ಅವರಲ್ಲಿ ‘ಛಾಯ್‌ಝಾವ್’ ಎಂಬ ಹೆಸರೇ ಇದೆ. ಗುರು ಎದುರಿಗೆ ನಿಂತು ಮೇಲಿನಿಂದ ನಿಧಾನವಾಗಿ ಹೊಡೆತ ಇಳಿಸುತ್ತಾನೆ. ಶಿಷ್ಯೆಯ ಮೇಲೆತ್ತಿದ ತೋಳು ಅದನ್ನು ತಡೆಯುತ್ತದೆ. ಅದೇ ಕ್ಷಣದಲ್ಲಿ ಗುರುವಿನ ಪಕ್ಕೆ ಬರಿದಾಗುತ್ತದೆ, ಅವಳ ಇನ್ನೊಂದು ಮುಷ್ಟಿ ಅಲ್ಲಿಗೇ ಹೋಗುತ್ತದೆ. ತೊಡೆ ತಗ್ಗಿರಬೇಕಾದದ್ದು ಯಾಕೆಂದು ಆಗ ಅವಳ ಸೊಂಟಕ್ಕೇ ಗೊತ್ತಾಗುತ್ತದೆ. ನೆಟ್ಟಗೆ ನಿಂತಿದ್ದರೆ ಆ ಹೊಡೆತಕ್ಕೆ ಹಿಂದಕ್ಕೆ ವಾಲುತ್ತಿದ್ದಳು. ಗುರು ಮತ್ತೆ ಹೊಡೆತ ಕೊಡುತ್ತಾನೆ, ಸ್ವಲ್ಪ ವೇಗವಾಗಿ, ಸ್ವಲ್ಪ ಕೋನ ಬದಲಿಸಿ. ಹೀಗೆ ಹೊಡೆತಗಳನ್ನು ತುತ್ತಿನ ಹಾಗೆ ಕೊಡುತ್ತ ಹೋಗುವುದಕ್ಕೂ ಅವರಲ್ಲಿ ಒಂದು ಪದವಿದೆ. ಇದಕ್ಕೆ ವಿಶೇಷ ಸಾಮಗ್ರಿ ಬೇಡ. ಬೇಕಾದದ್ದು ಹತ್ತು ನಿಮಿಷ ಮತ್ತು ಎದುರಿಗೆ ನಿಲ್ಲುವ ಒಬ್ಬ ಮನುಷ್ಯ. ದೊಡ್ಡ ತರಗತಿಯಲ್ಲಿ ಮಕ್ಕಳನ್ನೇ ಇಬ್ಬಿಬ್ಬರಾಗಿ ನಿಲ್ಲಿಸಬಹುದು. 2000ದ ದಶಕದಲ್ಲಿ ಚೀನಾದ ಪಠ್ಯ ಸುಧಾರಣೆಯನ್ನು ಬಯಸಿದವರು, ವರಸೆಯ ಭಾರ ಇಳಿಸಿ, ವಿಧಾನವನ್ನೂ ಪ್ರಯೋಗವನ್ನೂ ಮುಂದಕ್ಕೆ ತನ್ನಿ ಎಂದು ವಾದಿಸಿದ್ದು ಇದನ್ನೇ.

ಈಗ ಕ್ರೀಡಾಂಗಣದ ಗೇಟಿನಲ್ಲಿ ನಿಂತ ಸ್ವಯಂಸೇವಕನ ಬಳಿಗೆ ಬರೋಣ. ಅವನಿಗೆ ಅಂಗಿ, ಟೋಪಿ, ಗುರುತಿನ ಚೀಟಿ ಕೊಟ್ಟಿದ್ದಾರೆ. ಕೆಂಪು ಪಟ್ಟಿಯ ಪಾಸು ಇದ್ದವರನ್ನು ಮಾತ್ರ ಒಳಗೆ ಬಿಡು ಎಂದಿದ್ದಾರೆ. ಕೆಂಪು ಪಟ್ಟಿಯ ಆಚೆ ಏನಿದೆ ಎಂದು ಹೇಳಿಲ್ಲ. ಒಳಗೆ ಸ್ಪರ್ಧೆಗೆ ಮುನ್ನ ಮೈ ಬೆಚ್ಚಗೆ ಮಾಡಿಕೊಳ್ಳುವ ಕೋಣೆಯಿದೆ, ಆ ಹೊತ್ತಿನಲ್ಲಿ ಅಪರಿಚಿತನೊಬ್ಬ ಒಳಹೋದರೆ ನಾಲ್ಕು ವರ್ಷ ತಯಾರಾದ ಆಟಗಾರ್ತಿಯ ಏಕಾಗ್ರತೆ ಕೆಡುತ್ತದೆ ಎಂದು ಅವನಿಗೆ ಗೊತ್ತಿದ್ದರೆ, ಅವನು ನಿಲ್ಲುವ ರೀತಿಯೇ ಬೇರೆ. ಪಾಸಿಲ್ಲದೆ ಓಡಿ ಬಂದ ವೈದ್ಯರನ್ನು ಬಿಡಬೇಕೆಂದು ಅವನೇ ತೀರ್ಮಾನಿಸಬಲ್ಲ. ಗೊತ್ತಿಲ್ಲದಿದ್ದರೆ ವೈದ್ಯರನ್ನೂ ತಡೆಯುತ್ತಾನೆ, ಇಲ್ಲವೆ ಎರಡನೆಯ ದಿನ ಮನೆಗೆ ಹೋಗುತ್ತಾನೆ. ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ಮಗ್ಗಿ ಲೆಕ್ಕ ಎದುರಾದಾಗ ನೆನಪಿಗೆ ಬರದಂತೆ, ಕಾರಣ ಹೇಳದ ಕೆಲಸ ಕಷ್ಟದ ಹೊತ್ತಿನಲ್ಲಿ ಕೈಕೊಡುತ್ತದೆ.

ಬಳಕೆಯನ್ನು ಮರೆಮಾಡಿದರೆ ಅನುಮಾನವೂ ಹುಟ್ಟುತ್ತದೆ. ಟೋಕಿಯೋ ಒಲಿಂಪಿಕ್ಸಿಗೆ ಸ್ವಯಂಸೇವಕರನ್ನು ಕರೆದಾಗ, ದಿನಕ್ಕೆ ಎಂಟು ಗಂಟೆ, ಹತ್ತು ದಿನ ದುಡಿಸಿ, ಓಡಾಟಕ್ಕೆಂದು ದಿನಕ್ಕೆ 1,000 ಯೆನ್ ಕೊಡುವುದು ಶೋಷಣೆಯಲ್ಲವೇ ಎಂದು ಜಪಾನಿನಲ್ಲಿ ದೊಡ್ಡ ಚರ್ಚೆ ನಡೆಯಿತು. 80 ಸಾವಿರ ಮಂದಿಯ ಪಟ್ಟಿಯಿಂದ ಸುಮಾರು 10 ಸಾವಿರ ಮಂದಿ ಕೂಟಕ್ಕೆ ಮುಂಚೆ ಹಿಂದೆ ಸರಿದರು. ಕೊರೊನಾದ ಭಯವೂ ಅದಕ್ಕೆ ದೊಡ್ಡ ಕಾರಣ. ಸ್ವಯಂಸೇವೆಯ ಹೆಸರಿನಲ್ಲಿ ಸಂಬಳದ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುವುದು ನಡೆಯುತ್ತದೆ, ಅದನ್ನು ಸಂಶೋಧಕರು ಹೆಸರಿಸಿ ಹೇಳಬೇಕು. ಮತ್ತೊಂದು ಕಡೆ, ಸರಿಯಾಗಿ ನಡೆದ ಉದಾಹರಣೆ ಮ್ಯಾಂಚೆಸ್ಟರ್. 2002ರ ಕಾಮನ್‌ವೆಲ್ತ್ ಕೂಟದಲ್ಲಿ ಅಲ್ಲಿ ಸುಮಾರು 10 ಸಾವಿರ ಸ್ವಯಂಸೇವಕರಿದ್ದರು. ಕೂಟ ಮುಗಿದ ಮೇಲೂ ಅವರ ಪಟ್ಟಿಯನ್ನು ಜೀವಂತವಾಗಿಟ್ಟು, ನಗರದ ಓಟ, ಮೇಳ, ಪಂದ್ಯಗಳಿಗೆ ಅವರನ್ನು ಕರೆಯುವ ವ್ಯವಸ್ಥೆಯನ್ನು ನಗರ ಕಟ್ಟಿಕೊಂಡಿತು. ಜೆಫ್ ನಿಕೋಲ್ಸ್, ರೀಟಾ ರಾಲ್‌ಸ್ಟನ್ ಅದರ ಮೇಲೆ ಬರೆದ ಅಧ್ಯಯನಗಳು ನಮ್ಮ ಎಂ.ಪಿ.ಎಡ್. ಪಠ್ಯದಲ್ಲಿರಬೇಕೆಂದು ನನ್ನ ಆಸೆ.

ಎರಡೂ ಕೆಲಸಗಳು ನೇರವಾಗಿ ಕೂಡುವ ಜಾಗಗಳಿವೆ. ತಾವ್‌ಲು ನಡೆಯುವುದು 14 ಮೀಟರ್ ಉದ್ದ, 8 ಮೀಟರ್ ಅಗಲದ ಹಾಸಿನ ಮೇಲೆ. ಸಾಂಡಾ ನಡೆಯುವುದು ನೆಲದಿಂದ 80 ಸೆಂಟಿಮೀಟರ್ ಎತ್ತರದ ಜಗಲಿಯ ಮೇಲೆ, ಅದರಿಂದ ಕೆಳಗೆ ಬೀಳುವುದೂ ಆಟದ ಭಾಗ. ಹೆಸರು ಕರೆದಾಗ ಸ್ಪರ್ಧಿ ಬಲ ಮುಷ್ಟಿಗೆ ಎಡ ಅಂಗೈ ಸೇರಿಸಿ ವಂದಿಸುತ್ತಾಳೆ. ಆಯುಧಗಳ ಪರಿಶೀಲನೆ, ತೂಕ, ಕೆಂಪು ಮತ್ತು ಕಪ್ಪು ರಕ್ಷಾಕವಚ, ಇವೆಲ್ಲ ನಿಮಿಷ ನಿಮಿಷಕ್ಕೆ ಸರಿಯಾಗಿ ನಡೆಯಬೇಕು. ವುಶು ಕಲಿತ ಹುಡುಗ ಅಲ್ಲಿ ಸ್ವಯಂಸೇವಕನಾದರೆ ಯಾವಾಗ ಹತ್ತಿರ ಹೋಗಬೇಕು, ಯಾವಾಗ ದೂರ ನಿಲ್ಲಬೇಕು ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಇನ್ನೊಂದು ಕಡೆ, ಚೀನಾ 2004ರಿಂದ ಹೊರದೇಶಗಳಿಗೆ ಭಾಷೆ ಕಲಿಸಲು ಕಳಿಸಿದ ಯುವ ಶಿಕ್ಷಕರನ್ನು ಅಧಿಕೃತವಾಗಿಯೇ ಸ್ವಯಂಸೇವಕರು ಎನ್ನುತ್ತಾರೆ. ಅವರಲ್ಲಿ ಕೆಲವರು ತಾಯ್‌ಜಿ, ವುಶು ಕಲಿಸುತ್ತಾರೆ. ನಾರ್ವೆಯ ಬೆರ್ಗೆನ್ನಿನ ಕನ್‌ಫ್ಯೂಷಿಯಸ್ ಸಂಸ್ಥೆ ಬೀಜಿಂಗ್ ಕ್ರೀಡಾ ವಿಶ್ವವಿದ್ಯಾಲಯದ ಜೊತೆಗೂಡಿ ವುಶುವಿಗೇ ಒತ್ತು ಕೊಟ್ಟಿತ್ತು. ಭಾಷೆ ಬಾರದ ಊರಿನಲ್ಲಿ, ಕಡಿಮೆ ಅವಧಿಯಲ್ಲಿ ಕಲಿಸಬೇಕಾದಾಗ ಎಣಿಕೆಯ ವರಸೆಗೆ ಜಾರುವುದು ಸುಲಭ. ಆದರೆ ಭಾಷೆ ಬಾರದ ಕಡೆ ಎದುರಿಗೆ ನಿಂತು ಹೊಡೆತ ಕೊಟ್ಟು ತೋರಿಸುವುದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ.

ಇನ್ನು ಭಾರತದ ಮಾತು. ಏಷ್ಯನ್ ಕ್ರೀಡಾಕೂಟಗಳಲ್ಲಿ ನಾವು ಗೆದ್ದ ವುಶು ಪದಕಗಳು ಬಂದಿರುವುದು ಸಾಂಡಾದಿಂದ. 2010ರಲ್ಲಿ ಸಂಧ್ಯಾರಾಣಿ ದೇವಿ ಬೆಳ್ಳಿ ತಂದರು. 2017ರಲ್ಲಿ ಪೂಜಾ ಕಾದಿಯಾನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ದೇಶದ ಮೊದಲ ಚಿನ್ನ ಗೆದ್ದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಮಣಿಪುರದ ರೋಷಿಬಿನಾ ದೇವಿ ಬೆಳ್ಳಿ ಗೆದ್ದು, ಗಲಭೆಯಲ್ಲಿ ಉರಿಯುತ್ತಿದ್ದ ತನ್ನ ರಾಜ್ಯದ ಜನರಿಗೆ ಅದನ್ನು ಅರ್ಪಿಸಿದರು. ಅದೇ ಕೂಟಕ್ಕೆ ಹೋಗಬೇಕಿದ್ದ ಅರುಣಾಚಲದ ಮೂವರು ವುಶು ಆಟಗಾರ್ತಿಯರಿಗೆ ಚೀನಾ ಪ್ರವೇಶ ಸಿಗದಂತೆ ಮಾಡಿತು. ನಮ್ಮ ಕ್ರೀಡಾ ಸಚಿವರು ಪ್ರವಾಸ ರದ್ದುಪಡಿಸಿ ಪ್ರತಿಭಟಿಸಿದರು. ಆ ಕೂಟದಲ್ಲಿ 37 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಹಗಲಿರುಳು ದುಡಿದು ಅತಿಥಿಗಳನ್ನು ಬರಮಾಡಿಕೊಂಡಿದ್ದರು. ಅವರ ನಗುಮುಖ ಆ ಮೂವರು ಹುಡುಗಿಯರನ್ನು ತಲುಪಲಿಲ್ಲ. ಸ್ವಯಂಸೇವಕರ ಆತಿಥ್ಯವನ್ನು ಹೊಗಳಿ ಬರೆದ ಯಾವ ಅಧ್ಯಯನವೂ ಈ ಸಂಗತಿಯನ್ನು ಬಿಟ್ಟು ಪೂರ್ಣವಾಗುವುದಿಲ್ಲ.

ಇಲ್ಲಿ ಕುಳಿತ ಸಂಶೋಧನಾ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಸರಳವಾದದ್ದು. ದಸರಾ ಕ್ರೀಡಾಕೂಟಕ್ಕೋ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೋ ಬರುವ ಸ್ವಯಂಸೇವಕರಿಗೆ ಪ್ರಶ್ನಾವಳಿ ಹಂಚುವ ಮೊದಲು, ಅವರಿಗೆ ತರಬೇತಿ ಕೊಡುವ ಕೋಣೆಯಲ್ಲಿ ಹೋಗಿ ಕೂರಿ. ಯಾರು ಎಷ್ಟು ಹೊತ್ತು ಮಾತಾಡಿದರು, ಹುಡುಗರು ಏನು ಕೇಳಿದರು, ಯಾವ ಕೆಲಸಕ್ಕೆ ಕಾರಣ ಹೇಳಿದರು, ಯಾವುದಕ್ಕೆ ಹೇಳಲಿಲ್ಲ ಎಂದು ಬರೆದುಕೊಳ್ಳಿ. ಮೂರನೆಯ ದಿನ ಯಾರು ಉಳಿದರು ಎಂದು ನೋಡಿ. ವುಶು ತರಗತಿಗೆ ಹೋದರೂ ಇಷ್ಟೇ: ಒಂದು ಗುಂಪಿಗೆ ಎಣಿಕೆಯಲ್ಲಿ ಕಲಿಸಿ, ಇನ್ನೊಂದು ಗುಂಪಿಗೆ ಅದೇ ವರಸೆಯನ್ನು ಬಿಚ್ಚಿ ತೋರಿಸಿ ಕಲಿಸಿ, ಆರು ತಿಂಗಳ ನಂತರ ಯಾರಿಗೆ ಎಷ್ಟು ನೆನಪಿದೆ, ಯಾರು ಇನ್ನೂ ಬರುತ್ತಿದ್ದಾರೆ ಎಂದು ಲೆಕ್ಕ ಹಾಕಿ.

ಕಾಲವೂ ಕೂಡಿ ಬಂದಿದೆ. 2020ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ವುಶುವನ್ನು ಯುವ ಒಲಿಂಪಿಕ್ಸಿಗೆ ಪದಕದ ಕ್ರೀಡೆಯಾಗಿ ಸೇರಿಸಿತು. ಆ ಕೂಟ ಮುಂದೂಡಿಕೆಯಾಗಿ 2026ಕ್ಕೆ ನಿಗದಿಯಾಗಿದೆ, ನಡೆಯುವ ಊರು ಸೆನೆಗಲ್ ದೇಶದ ಡಾಕರ್. ಆಫ್ರಿಕಾ ಖಂಡಕ್ಕೆ ಬರುತ್ತಿರುವ ಮೊದಲ ಒಲಿಂಪಿಕ್ ಕೂಟ ಅದು. ಅಲ್ಲಿ ವುಶು ಹಾಸಿನ ಪಕ್ಕ ನಿಲ್ಲುವ ಸೆನೆಗಲ್ಲಿನ ಯುವಕ ಯುವತಿಯರಲ್ಲಿ ಹೆಚ್ಚಿನವರು ಆ ಆಟವನ್ನು ಹತ್ತಿರದಿಂದ ನೋಡುವುದು ಅದೇ ಮೊದಲಾಗಬಹುದು. ಅವರಿಗೆ ಯಾರು, ಎಷ್ಟು ದಿನ, ಏನನ್ನು ಕಲಿಸುತ್ತಾರೆ ಎಂಬುದನ್ನು ದಾಖಲಿಸುವ ಅಧ್ಯಯನವೊಂದು ನಡೆಯಬೇಕು. ಸಂಶೋಧನಾ ಪ್ರಸ್ತಾವ ಬರೆಯಲು ಮುಂದೆ ಬರುವ ವಿದ್ಯಾರ್ಥಿಗಳಿದ್ದರೆ ನನ್ನ ಬಳಿಯಿರುವ ಓದು, ಟಿಪ್ಪಣಿ ಎಲ್ಲವನ್ನೂ ಕೊಡುತ್ತೇನೆ.